ಫೆಸಿಲಿಟಿ ಮ್ಯಾನೇಜ್‌ಮೆಂಟ್‌ಗೆ ಆನ್‌ಲೈನ್ ಸ್ನಾತಕೋತ್ತರ ಕೋರ್ಸ್: ಪ್ಲಾಂಟ್ ರೂಮಿನಲ್ಲಿ ಇರುವವರಿಗೆ ಪಾಠ ಕಟ್ಟುವುದು ಹೇಗೆ?

ಪ್ರಶ್ನೆ: ಕಟ್ಟಡಪಾಲಕ

ಎಲ್ಲರಿಗೂ ನಮಸ್ಕಾರ.

ಇಪ್ಪತ್ತೆರಡು ವರ್ಷಗಳಿಂದ ಕಟ್ಟಡಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಜನರೇಟರ್ ಕೋಣೆಗೆ ರಾತ್ರಿ ಪಾಳಿಯ ಟೆಕ್ನೀಷಿಯನ್ ಆಗಿ ಸೇರಿದವನು. ಕೆಲಸ ಮಾಡುತ್ತಲೇ ಪದವಿ ಮುಗಿಸಿದೆ. ಈಗ ಒಂದು ಆಸ್ಪತ್ರೆ ಮತ್ತು ಅದಕ್ಕೆ ಸೇರಿದ ಎರಡು ಕಚೇರಿ ಕಟ್ಟಡಗಳ ಫೆಸಿಲಿಟಿ ವಿಭಾಗದ ಹೊಣೆ ನನ್ನ ಮೇಲಿದೆ. ಎರಡು ತಿಂಗಳ ಹಿಂದೆ ಒಂದು ವಿಶ್ವವಿದ್ಯಾಲಯದವರು, ಈ ವೃತ್ತಿಯಲ್ಲಿ ಇರುವವರಿಗಾಗಿಯೇ ಆನ್‌ಲೈನ್ ಸ್ನಾತಕೋತ್ತರ ಕೋರ್ಸ್ ರೂಪಿಸುವ ಸಮಿತಿಗೆ ನನ್ನನ್ನು ಕರೆದರು. ಸಮಿತಿಯಲ್ಲಿ ಮೂವರು ಪ್ರಾಧ್ಯಾಪಕರಿದ್ದಾರೆ. ಕ್ಷೇತ್ರದಿಂದ ಹೋದವನು ನಾನೊಬ್ಬನೇ.

ಎರಡು ಸಭೆಗಳಾಗಿವೆ. ಪ್ರಾಧ್ಯಾಪಕರು ತಂದ ಕರಡಿನಲ್ಲಿ ಹತ್ತು ವಿಷಯಗಳಿವೆ: ಹಣಕಾಸು, ಸಂಸ್ಥೆಗಳ ನಡವಳಿಕೆ, ಕಟ್ಟಡ ಸೇವೆಗಳು, ಗುತ್ತಿಗೆ ಕಾನೂನು, ಹೀಗೆ. ಪ್ರತಿ ವಿಷಯಕ್ಕೂ ಐವತ್ತು ನಿಮಿಷದ ನಲವತ್ತು ಉಪನ್ಯಾಸಗಳನ್ನು ಚಿತ್ರೀಕರಿಸಿ ಹಾಕುವುದು, ಕೊನೆಯಲ್ಲಿ ಮೂರು ಗಂಟೆಯ ಪರೀಕ್ಷೆ. ನನ್ನ ವೃತ್ತಿಯ ಗೆಳೆಯರನ್ನು ಕೇಳಿದರೆ ಅವರ ಬೇಡಿಕೆ ಇನ್ನೊಂದು ತುದಿಯಲ್ಲಿದೆ: ಚೆಕ್‌ಲಿಸ್ಟ್ ಕೊಡಿ, ನಮೂನೆ ಕೊಡಿ, ಸರ್ಟಿಫಿಕೇಟ್ ಕೊಡಿ. ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ. ಯಾಕೆಂದು ಹೇಳಲು ನನ್ನದೇ ಒಂದು ಪ್ರಸಂಗ ಬರೆಯಬೇಕು.

ಕೆಲವು ವರ್ಷಗಳ ಹಿಂದೆ, ಹದಿನಾರು ವರ್ಷ ಓಡಿದ ಚಿಲ್ಲರ್ (ಹವಾನಿಯಂತ್ರಣಕ್ಕೆ ನೀರನ್ನು ತಣಿಸುವ ಯಂತ್ರ) ಒಂದನ್ನು ಬದಲಿಸಬೇಕೆಂದು ಆಡಳಿತ ಮಂಡಳಿಯ ಮುಂದೆ ಹೋಗಿದ್ದೆ. ಆ ಯಂತ್ರದ ಸದ್ದು ಕೇಳಿಯೇ ಅದರ ಬೇರಿಂಗ್ ಹೇಗಿದೆ ಎಂದು ಹೇಳುತ್ತಿದ್ದೆ. ಹಣಕಾಸು ಮುಖ್ಯಸ್ಥರು ಕೇಳಿದರು: "ಇನ್ನೆರಡು ವರ್ಷ ತಡೆದರೆ ಏನಾಗುತ್ತದೆ?" "ಕೆಡುತ್ತದೆ ಸರ್" ಎಂದೆ. "ಯಾವಾಗ? ಕೆಟ್ಟರೆ ಎಷ್ಟು ನಷ್ಟ? ಕೆಡದೆ ಓಡಿದರೆ ನಮಗೆ ಎಷ್ಟು ಉಳಿಯುತ್ತದೆ?" ನನ್ನ ಬಳಿ ಉತ್ತರವಿರಲಿಲ್ಲ. ಕಡತ ವಾಪಸ್ ಬಂತು. ಹದಿನಾಲ್ಕು ತಿಂಗಳ ನಂತರ, ಸೆಕೆ ಹೆಚ್ಚಿದ್ದ ವಾರದಲ್ಲೇ ಚಿಲ್ಲರ್ ನಿಂತಿತು. ಮೂರು ದಿನಗಳ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಆ ಮೂರು ದಿನ ನಾನು ಮನೆಗೆ ಹೋಗಲಿಲ್ಲ.

ಮಂಡಳಿ ಕೇಳಿದ ಪ್ರಶ್ನೆಗಳಿಗೆ ಉತ್ತರ ನನ್ನ ಲಾಗ್‌ಬುಕ್ಕಿನಲ್ಲೇ ಇತ್ತು ಎಂಬುದು ಆಮೇಲೆ ಹೊಳೆಯಿತು. ಒಂಬತ್ತು ವರ್ಷ ಗಂಟೆಗೊಮ್ಮೆ ಬರೆದಿಟ್ಟ ಒಳನೀರಿನ ಉಷ್ಣತೆ, ಹೊರನೀರಿನ ಉಷ್ಣತೆ, ಹರಿವು, ವಿದ್ಯುತ್ ಬಳಕೆ. 12 ಡಿಗ್ರಿಯ ನೀರನ್ನು 7 ಡಿಗ್ರಿಗೆ ಇಳಿಸಲು ಆ ಯಂತ್ರ ಒಂಬತ್ತು ವರ್ಷದ ಹಿಂದೆ ಎಷ್ಟು ಕಿಲೋವ್ಯಾಟ್ ಎಳೆಯುತ್ತಿತ್ತು, ಈಗ ಎಷ್ಟು ಎಳೆಯುತ್ತಿದೆ ಎಂದು ಅರ್ಧ ದಿನದಲ್ಲಿ ಲೆಕ್ಕ ಹಾಕಬಹುದಿತ್ತು. ಈಗಲೇ ಬದಲಿಸುವುದು, ಎರಡು ವರ್ಷ ತಡೆಯುವುದು ಎಂಬ ಎರಡು ದಾರಿಗಳ ಮುಂದಿನ ಹದಿನೈದು ವರ್ಷದ ಖರ್ಚನ್ನು ಇಂದಿನ ಮೌಲ್ಯಕ್ಕೆ ಇಳಿಸಿ, ಅಕ್ಕಪಕ್ಕ ಇಟ್ಟು ತೋರಿಸಬಹುದಿತ್ತು. ಅದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕಲಿಸಿದ್ದರೂ ಎರಡು ಪುಟದಲ್ಲಿ ಬರೆದು ಒಪ್ಪಿಸುವ ಅಭ್ಯಾಸ ನನಗಿರಲಿಲ್ಲ.

ಈ ಕೋರ್ಸ್ ಮುಗಿಸಿದವರು ಆ ಕೋಣೆಯಲ್ಲಿ ನನ್ನ ಹಾಗೆ ಬಾಯಿ ಕಟ್ಟಿ ನಿಲ್ಲಬಾರದು. ನನಗಿರುವುದು ಅದೊಂದೇ ಆಸೆ.

ಪ್ರತಿ ವಿದ್ಯಾರ್ಥಿಯೂ ತಾನು ನಡೆಸುವ ಕಟ್ಟಡವನ್ನೇ ಪ್ರಯೋಗಾಲಯ ಮಾಡಿಕೊಳ್ಳಲಿ, ಪ್ರತಿ ವಿಷಯದ ಕೊನೆಗೆ ಆ ಕಟ್ಟಡಕ್ಕೆ ನಿಜವಾಗಿ ಬೇಕಾದ ಒಂದು ಬರಹ ಕೈಗೆ ಬರಲಿ ಎಂಬುದು ನನ್ನ ಯೋಚನೆ. ಇದು ವಿಶ್ವವಿದ್ಯಾಲಯದ ಚೌಕಟ್ಟಿನಲ್ಲಿ ಕೂರುತ್ತದೆಯೇ? ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಎದ್ದು ಓಡುವವರಿಗೆ ಗಡುವು ಇಡುವುದು ಹೇಗೆ? ಇಪ್ಪತ್ತು ವರ್ಷದ ಅನುಭವವಿದ್ದು ಪದವಿ ಇಲ್ಲದವರನ್ನು ಬಾಗಿಲಲ್ಲೇ ನಿಲ್ಲಿಸಬೇಕೇ? ಇಂಥ ಕೋರ್ಸ್ ಕಟ್ಟಿದವರು, ಓದಿದವರು, ಅರ್ಧಕ್ಕೆ ಬಿಟ್ಟವರು, ಎಲ್ಲರ ಮಾತೂ ಬೇಕು.


ಉತ್ತರ: ಪಾಠವಿನ್ಯಾಸಕಿ

ಕಟ್ಟಡಪಾಲಕರೇ, ನಿಮ್ಮ ಚಿಲ್ಲರ್ ಪ್ರಸಂಗವನ್ನು ಎರಡು ಸಲ ಓದಿದೆ. ನಿಮಗೆ ಬೇಕಾದ ಪಠ್ಯಕ್ರಮದ ಅರ್ಧ ಭಾಗ ಅದರಲ್ಲೇ ಇದೆ. ನಾನು ಹನ್ನೊಂದು ವರ್ಷಗಳಿಂದ ಉದ್ಯೋಗದಲ್ಲಿರುವ ನರ್ಸುಗಳಿಗೆ, ಎಂಜಿನಿಯರುಗಳಿಗೆ ಆನ್‌ಲೈನ್ ಪಾಠ ವಿನ್ಯಾಸ ಮಾಡುತ್ತಿದ್ದೇನೆ.

ಮೊದಲು ಗಂಟೆಗಳ ಲೆಕ್ಕ ಮಾಡಿ. ಸಮಿತಿಗಳು ಇದನ್ನು ಕೊನೆಗೆ ಮಾಡುತ್ತವೆ. ಅಷ್ಟರಲ್ಲಿ ಯಾರೂ ಒಂದು ವಿಷಯವನ್ನೂ ಬಿಡಲು ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿಗೆ 180 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 10 ಗಂಟೆಯ ಕಲಿಕೆ, ಅಂದರೆ 1,800 ಗಂಟೆ. ಯುರೋಪಿನ ಪದ್ಧತಿಯಲ್ಲಿ ಪೂರ್ಣಾವಧಿಯ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೆ 25ರಿಂದ 30 ಗಂಟೆ. ಅದೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತದೆ. ವರ್ಷಕ್ಕೆ 45 ವಾರ ಓದಲು ಸಿಕ್ಕಿತು ಎಂದುಕೊಳ್ಳಿ. ಎರಡು ವರ್ಷದ ಕೋರ್ಸಾದರೆ ವಾರಕ್ಕೆ 20 ಗಂಟೆ. ಮೂರು ವರ್ಷಕ್ಕೆ ಹಿಗ್ಗಿಸಿದರೆ ಸುಮಾರು 13. ನಾಲ್ಕು ವರ್ಷವಾದರೆ 10. ನಿಮ್ಮ ತಂಡದ ಸೂಪರ್‌ವೈಸರ್ ಒಬ್ಬರನ್ನು ಕೂರಿಸಿಕೊಂಡು, ವಾರಕ್ಕೆ ಎಷ್ಟು ಗಂಟೆ ನಿಜವಾಗಿ ಸಿಗುತ್ತದೆ ಎಂದು ಕೇಳಿ. ಅವರು ಹೇಳಿದ ಸಂಖ್ಯೆಯಿಂದ ಕೋರ್ಸಿನ ಅವಧಿಯನ್ನು ತೀರ್ಮಾನಿಸಿ.

ಎರಡನೆಯದಾಗಿ, ಕರಡಿನ ಆ ಉಪನ್ಯಾಸಗಳು. ಹತ್ತು ವಿಷಯ, ನಲವತ್ತು ಉಪನ್ಯಾಸ, ಐವತ್ತು ನಿಮಿಷ: ಗುಣಿಸಿದರೆ 333 ಗಂಟೆಯ ವಿಡಿಯೊ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯಲ್ಲಿ ನಡೆದ ಲಕ್ಷಾಂತರ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆರು ನಿಮಿಷ ದಾಟಿದ ಮೇಲೆ ವಿಡಿಯೊಗಳ ಮೇಲಿನ ಗಮನ ಸಡಿಲವಾಗುತ್ತದೆ ಎಂದು ಕಂಡುಕೊಂಡಿತು. ನನ್ನ ಅನುಭವವೂ ಅದೇ. ಕಣ್ಣಿಂದ ನೋಡಲೇಬೇಕಾದದ್ದಕ್ಕೆ ಮಾತ್ರ ವಿಡಿಯೊ ಇಡಿ. ಪಂಪಿನ ಸೀಲ್ ಸೋರುವುದು ಹೇಗೆ ಕಾಣುತ್ತದೆ ಎಂಬಂಥದ್ದಕ್ಕೆ. ಉಳಿದದ್ದು ಬರಹದಲ್ಲಿರಲಿ. ಬರಹವನ್ನು ತಿದ್ದುವುದು ಸುಲಭ, ಅದು ನಿಮ್ಮ ವಿಷಯಕ್ಕೆ ಬಹಳ ಮುಖ್ಯ. ಫೆಸಿಲಿಟಿ ಮ್ಯಾನೇಜ್‌ಮೆಂಟಿನ ಪದಕೋಶವಾದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 41011 ಮೊದಲು ಬಂದದ್ದು 2017ರಲ್ಲಿ. 2024ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂತು. ಮಾನದಂಡದ ವಾಕ್ಯಗಳನ್ನು ಕ್ಯಾಮೆರಾದ ಮುಂದೆ ಓದಿ ಚಿತ್ರೀಕರಿಸಿಟ್ಟವರು ಆ ವರ್ಷ ಮತ್ತೆ ಕ್ಯಾಮೆರಾದ ಮುಂದೆ ಕೂರಬೇಕಾಗುತ್ತಿತ್ತು.

ಪ್ರಾಧ್ಯಾಪಕರ ಪಟ್ಟಿಯೊಂದಿಗೆ ಜಗಳವಾಡಬೇಡಿ. ಪ್ರತಿ ವಿಷಯದ ಮುಂದೆ ಒಂದು ಖಾಲಿ ಜಾಗ ಬಿಟ್ಟು, "ಕೊನೆಯ ವಾರ ವಿದ್ಯಾರ್ಥಿ ಏನನ್ನು ಒಪ್ಪಿಸುತ್ತಾರೆ? ಅದನ್ನು ಯಾರು, ಏನು ನೋಡಿ ಅಳೆಯುತ್ತಾರೆ?" ಎಂದು ತುಂಬಲು ಅವರನ್ನೇ ಕೇಳಿ. ಶಿಕ್ಷಣತಜ್ಞ ಜಾನ್ ಬಿಗ್ಸ್ 1996ರಲ್ಲಿ ವಿವರಿಸಿದ ವಿಚಾರ ಇದೇ: ಕಲಿಯಬೇಕಾದದ್ದು, ಕಲಿಯಲು ಮಾಡುವ ಕೆಲಸ, ಅಳೆಯುವ ರೀತಿ, ಮೂರೂ ಒಂದೇ ದಿಕ್ಕಿಗೆ ಎಳೆಯಬೇಕು. ಮೂರು ಗಂಟೆಯ ಪರೀಕ್ಷೆ ನೆನಪನ್ನು ಅಳೆಯುತ್ತದೆ. ನಿಮ್ಮ ಮಂಡಳಿಯ ಕೋಣೆಯಲ್ಲಿ ನೆನಪು ಕೆಲಸಕ್ಕೆ ಬರಲಿಲ್ಲ ಎಂದು ನೀವೇ ಬರೆದಿದ್ದೀರಿ. ಅಲ್ಲಿ ಬೇಕಿದ್ದದ್ದು ಎರಡು ಪುಟ ಮತ್ತು ಹತ್ತು ನಿಮಿಷದ ಮಾತು. ಹಾಗಿದ್ದರೆ ಪರೀಕ್ಷೆಯೂ ಎರಡು ಪುಟ ಮತ್ತು ಹತ್ತು ನಿಮಿಷದ ಮಾತೇ ಆಗಲಿ. ಎದುರಿಗೆ ಹಣಕಾಸು ಬಲ್ಲವರೊಬ್ಬರು ಕುಳಿತು ಆ ಮೂರು ಪ್ರಶ್ನೆಗಳನ್ನೇ ಕೇಳಲಿ.


ಉತ್ತರ: ಮೂರನೇ ಪಾಳಿ

ನಾನು ಇಂಥದೇ ಒಂದು ಕೋರ್ಸನ್ನು ಓದಿ ಮುಗಿಸಿದವಳು. ಎರಡು ವರ್ಷದ್ದು ಮುಗಿಯಲು ಮೂರೂವರೆ ವರ್ಷ ಹಿಡಿಯಿತು. ಸಂಸ್ಥೆಯ ಹೆಸರು ಬೇಡ, ಅಲ್ಲಿ ಒಳ್ಳೆಯ ಮೇಷ್ಟ್ರುಗಳೂ ಇದ್ದರು.

ಗಡುವಿನ ಬಗ್ಗೆ ಹೇಳಲೇಬೇಕು. ಎರಡನೆಯ ಅವಧಿಯಲ್ಲಿ, ಗುತ್ತಿಗೆ ನಿರ್ವಹಣೆಯ ವರದಿ ಒಪ್ಪಿಸುವ ದಿನ ರಾತ್ರಿ ಹತ್ತೂವರೆಗೆ, ನಮ್ಮ ನಾಲ್ಕನೆಯ ಮಹಡಿಯಲ್ಲಿ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಪೈಪಿನ ಜೋಡಣೆ ಕಳಚಿತು. ಕೆಳಗಿನ ಮಹಡಿಯಲ್ಲಿ ಸರ್ವರ್ ಕೋಣೆ. ವಾಲ್ವ್ ಮುಚ್ಚಿಸಿ, ನೀರು ಹೊರಹಾಕಿಸಿ, ಸ್ಪ್ರಿಂಕ್ಲರ್ ಇಲ್ಲದ ಆ ಮಹಡಿಗೆ ಬೆಂಕಿ ಕಾವಲು ಹಾಕಿಸಿ, ಒದ್ದೆ ಬಟ್ಟೆಯಲ್ಲೇ ಕುಳಿತು ವರದಿ ಕಳುಹಿಸಿದಾಗ 12.40. ವ್ಯವಸ್ಥೆ 11.59ಕ್ಕೆ ಮುಚ್ಚಿತ್ತು. ಸೊನ್ನೆ ಅಂಕ. ಕಾರಣ ಕೇಳಿದ ನಮೂನೆಯಲ್ಲಿ ಇದ್ದ ಆಯ್ಕೆಗಳು ಎರಡು: ಅನಾರೋಗ್ಯ, ಕುಟುಂಬದಲ್ಲಿ ಸಾವು. ಆ ರಾತ್ರಿ ನಾನು ಮಾಡಿದ್ದು ಆ ವಿಷಯದ ಪಾಠವನ್ನೇ. ಅದಕ್ಕೇ ಸೊನ್ನೆ ಬಂದದ್ದು ನನಗೆ ಇವತ್ತಿಗೂ ನೋಯುತ್ತದೆ.

ನನ್ನ ಸಲಹೆ: ಪ್ರತಿ ವಿಷಯಕ್ಕೂ ಹತ್ತು ದಿನಗಳ ಖಾತೆ ಕೊಡಿ. ಯಾವ ಕಾರಣವನ್ನೂ ಕೇಳದೆ, ಯಾವ ಕೆಲಸಕ್ಕೆ ಎಷ್ಟು ದಿನ ಬೇಕೋ ವಿದ್ಯಾರ್ಥಿಯೇ ಅದರಿಂದ ತೆಗೆದುಕೊಳ್ಳಲಿ. ಗಡುವೇ ಇಲ್ಲದಂತೆ ಮಾಡಬೇಡಿ. ಗಡುವಿಲ್ಲದ ಒಂದು ವಿಷಯ ನಮಗಿತ್ತು, ಅದನ್ನು ನಾನು ಹದಿಮೂರು ತಿಂಗಳು ಎಳೆದೆ.

ಚರ್ಚಾ ಪುಟದ ಬಗ್ಗೆಯೂ ಒಂದು ಮಾತು. "ವಾರಕ್ಕೆ ಒಂದು ಬರಹ, ಇಬ್ಬರಿಗೆ ಪ್ರತಿಕ್ರಿಯೆ" ಎಂಬ ನಿಯಮ ಇಟ್ಟಿದ್ದರು. ಭಾನುವಾರ ರಾತ್ರಿ ಮೂವತ್ತು ಜನ "ನಿಮ್ಮ ಅಭಿಪ್ರಾಯ ಚೆನ್ನಾಗಿದೆ" ಎಂದು ಬರೆದು ಮಲಗುತ್ತಿದ್ದರು. ನಾನೂ ಬರೆದಿದ್ದೇನೆ. ಆದರೆ ಒಂದು ವಿಷಯದಲ್ಲಿ ಮಾತ್ರ ನಮ್ಮನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ, ಒಬ್ಬರ ಕಟ್ಟಡದ ಲೆಕ್ಕವನ್ನು ಇನ್ನೊಬ್ಬರು ಪರೀಕ್ಷಿಸಬೇಕು ಎಂದರು. ಕಟ್ಟಡದ ಸ್ಥಿತಿ ಸೂಚ್ಯಂಕದ ಅಭ್ಯಾಸ ಅದು: ಮಾಡದೆ ಉಳಿಸಿಕೊಂಡ ದುರಸ್ತಿಗಳ ಒಟ್ಟು ವೆಚ್ಚವನ್ನು, ಇಡೀ ಕಟ್ಟಡವನ್ನು ಇಂದು ಹೊಸದಾಗಿ ಕಟ್ಟುವ ವೆಚ್ಚದಿಂದ ಭಾಗಿಸುವುದು. 5 ಶೇಕಡಕ್ಕಿಂತ ಕಡಿಮೆ ಬಂದರೆ ಒಳ್ಳೆಯ ಸ್ಥಿತಿ, 10 ದಾಟಿದರೆ ಕೆಟ್ಟದ್ದು ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ನನಗೆ 4 ಬಂತು, ಹೆಮ್ಮೆಯಿಂದ ಕಳುಹಿಸಿದೆ. ನನ್ನ ಜೋಡಿ ಒಂದು ಶಾಲಾ ಕಟ್ಟಡ ನೋಡಿಕೊಳ್ಳುತ್ತಿದ್ದವರು, ಒಂದೇ ಸಾಲು ಬರೆದರು: "ನೆಲದೊಳಗಿನ ಪೈಪುಗಳು, ಸೂರಿನ ನೀರುನಿರೋಧಕ ಪದರ ಇದರಲ್ಲಿ ಎಲ್ಲಿವೆ?" ಕಣ್ಣಿಗೆ ಕಂಡದ್ದನ್ನಷ್ಟೇ ನಾನು ಎಣಿಸಿದ್ದೆ. ಮತ್ತೆ ಸುತ್ತಿ, ಹಳೆಯ ನಕ್ಷೆ ತೆಗೆಸಿ ಲೆಕ್ಕ ಹಾಕಿದಾಗ 11 ಬಂತು. ಮುಂದಿನ ವರ್ಷದ ಬಜೆಟ್ಟಿನಲ್ಲಿ ಆ ಸಂಖ್ಯೆಯನ್ನೇ ಇಟ್ಟೆ. ಮೂರೂವರೆ ವರ್ಷದಲ್ಲಿ ನನಗೆ ದಕ್ಕಿದ ಅತ್ಯುತ್ತಮ ಪಾಠ ಆ ಒಂದು ಸಾಲು. ಅದನ್ನು ಬರೆದವರನ್ನು ನಾನು ಇನ್ನೂ ಮುಖತಃ ನೋಡಿಲ್ಲ.


ಉತ್ತರ: ನೆಲ ಮತ್ತು ಗಾಜು

ಇಲ್ಲಿಯವರೆಗಿನ ಮಾತೆಲ್ಲ ಚಿಲ್ಲರ್, ಪೈಪು, ವಾಲ್ವ್. ನನಗೆ ಸ್ವಲ್ಪ ಬೇಸರವಾಯಿತು, ಹೇಳಿಬಿಡುತ್ತೇನೆ. ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿ ಸೇರಿ ಈ ಮಟ್ಟಕ್ಕೆ ಬಂದವನು. ನಮ್ಮ ವಿಭಾಗದಲ್ಲಿ ಇರುವ ನೂರ ಎಪ್ಪತ್ತು ಜನರಲ್ಲಿ ಯಂತ್ರ ಮುಟ್ಟುವವರು ಇಪ್ಪತ್ತಾರು. ಉಳಿದವರು ಗುಡಿಸುವವರು, ಒರೆಸುವವರು, ಕಾವಲಿನವರು, ಸ್ವಾಗತದಲ್ಲಿ ಕೂರುವವರು, ತೋಟದವರು. ಐಎಸ್‌ಒ 41011ರ ವ್ಯಾಖ್ಯೆಯನ್ನೇ ನೋಡಿ: ಜನ, ಸ್ಥಳ, ಕಾರ್ಯವಿಧಾನ ಮೂರನ್ನೂ ಬೆಸೆಯುವ ಕೆಲಸ, ಅದರ ಉದ್ದೇಶ ಜನರ ಬದುಕಿನ ಗುಣಮಟ್ಟ ಮತ್ತು ಸಂಸ್ಥೆಯ ಉತ್ಪಾದಕತೆ ಹೆಚ್ಚಿಸುವುದು. ಜನ ಮೊದಲು ಬರುತ್ತಾರೆ.

ಎಂಜಿನಿಯರಿಂಗ್ ಬಿಟ್ಟರೆ ಉಳಿದದ್ದರಲ್ಲಿ ಸ್ನಾತಕೋತ್ತರ ಮಟ್ಟದ ವಿಷಯವೇನಿದೆ ಎಂದು ಪ್ರಾಧ್ಯಾಪಕರು ಕೇಳಬಹುದು. ಒಂದು ಉದಾಹರಣೆ ಕೊಡುತ್ತೇನೆ. ಲೀಜಿಯನೆಲ್ಲಾ ಎಂಬ ಬ್ಯಾಕ್ಟೀರಿಯಾ ಸುಮಾರು 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸಮಾವೇಶಕ್ಕೆ ಸೇರಿದ್ದವರಲ್ಲಿ ನ್ಯುಮೋನಿಯಾ ಹರಡಿ ಹಲವರು ಸತ್ತಾಗ ಆ ರೋಗಾಣುವನ್ನು ಯಾರೂ ಗುರುತಿಸಿರಲಿಲ್ಲ. ಇವತ್ತು ಕಟ್ಟಡಗಳಲ್ಲಿ ಬಿಸಿನೀರನ್ನು 60 ಡಿಗ್ರಿಯಲ್ಲಿ ಸಂಗ್ರಹಿಸಿಡುವುದು ಎಂಜಿನಿಯರ ಕೆಲಸ. ಆದರೆ ಯಾರೂ ಬಳಸದ ಕೋಣೆಯ ನಲ್ಲಿಯನ್ನು ವಾರಕ್ಕೊಮ್ಮೆ ತಿರುಗಿಸಿ ನೀರು ಹರಿಸುವುದು ಯಾರ ಕೆಲಸ? ಬಹಳ ಕಡೆ ಅದು ಹೌಸ್‌ಕೀಪಿಂಗ್ ಹೆಣ್ಣುಮಗಳೊಬ್ಬಳ ಪಟ್ಟಿಯಲ್ಲಿ ಹದಿನೇಳನೆಯ ಸಾಲು. ಅದು ಯಾಕೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಗುತ್ತಿಗೆ ಬದಲಾದಾಗ ಹೊಸ ಕಂಪನಿಯ ಪಟ್ಟಿಯಲ್ಲಿ ಆ ಸಾಲು ಬಿಟ್ಟುಹೋಗುತ್ತದೆ. ನೀರಿನ ಎಂಜಿನಿಯರಿಂಗ್, ಗುತ್ತಿಗೆಯ ಭಾಷೆ, ಕಾರ್ಮಿಕರ ತರಬೇತಿ ಮೂರೂ ಒಂದೇ ನಲ್ಲಿಯಲ್ಲಿ ಬಂದು ಸೇರುತ್ತವೆ. ಹತ್ತು ವಿಷಯಗಳಾಗಿ ಕತ್ತರಿಸಿಟ್ಟ ಕೋರ್ಸಿನಲ್ಲಿ ಈ ನಲ್ಲಿಯನ್ನು ಯಾವ ಮೇಷ್ಟ್ರು ಕಲಿಸುತ್ತಾರೆ?

ಇನ್ನೊಂದು ಕೋರಿಕೆ. ಪ್ರತಿ ವಿದ್ಯಾರ್ಥಿಯೂ ಒಂದು ಪೂರ್ತಿ ಪಾಳಿ ಒಬ್ಬ ಸ್ವಚ್ಛತಾ ಕಾರ್ಮಿಕರ ಜೊತೆ ನಡೆಯುವ ಅಭ್ಯಾಸ ಇರಲಿ. ನೀರು ತುಂಬಲು ಎಷ್ಟು ಹೆಜ್ಜೆ, ಲಿಫ್ಟ್ ಕಾಯಲು ಎಷ್ಟು ನಿಮಿಷ, ಕುಳಿತುಕೊಳ್ಳಲು ಜಾಗ ಎಲ್ಲಿದೆ, ಎಲ್ಲ ಬರೆದುಕೊಳ್ಳಲಿ. ನಾನು ನನ್ನ ಮ್ಯಾನೇಜರುಗಳಿಂದ ಮಾಡಿಸುತ್ತೇನೆ. ಆ ಎಂಟು ಗಂಟೆಯ ನಂತರ ಅವರು ಟೆಂಡರಿನ ಷರತ್ತು ಬರೆಯುವ ರೀತಿಯೇ ಬದಲಾಗಿದೆ.


ಉತ್ತರ: ಟ್ರೆಂಡ್ ಲಾಗ್

ಹಿಂದಿನ ಉತ್ತರದ ನಲ್ಲಿ ನನ್ನ ತಲೆಯಿಂದ ಹೋಗುತ್ತಿಲ್ಲ. ಕಟ್ಟಡಗಳ ವಿದ್ಯುತ್ ಬಳಕೆ ವಿಶ್ಲೇಷಿಸುವುದು ನನ್ನ ಕೆಲಸ, ಹಾಗಾಗಿ ದತ್ತಾಂಶದ ಕಡೆಯಿಂದ ಎರಡು ವಿಷಯ ಸೇರಿಸುತ್ತೇನೆ.

ಪ್ರಯೋಗಾಲಯ ಬೇಕು ಎಂದು ಹೆದರಬೇಡಿ. ಫ್ಯಾನಿನ ವೇಗ ಮತ್ತು ಶಕ್ತಿಯ ಸಂಬಂಧವನ್ನೇ ತೆಗೆದುಕೊಳ್ಳಿ. ಗಾಳಿಯ ಪ್ರಮಾಣ ವೇಗಕ್ಕೆ ನೇರವಾಗಿ ಇಳಿಯುತ್ತದೆ, ಶಕ್ತಿ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ವೇಗವನ್ನು 80 ಶೇಕಡಕ್ಕೆ ತಂದರೆ ಶಕ್ತಿ 51 ಶೇಕಡದ ಹತ್ತಿರ ಬರಬೇಕು. ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ವಿದ್ಯಾರ್ಥಿ ತಲೆಯಾಡಿಸುತ್ತಾರೆ. ತಮ್ಮ ಕಟ್ಟಡದ ಯಂತ್ರಗಳನ್ನು ನಿಯಂತ್ರಿಸಿ ದಾಖಲಿಸುವ ಬಿಎಂಎಸ್‌ನಿಂದ ಒಂದು ವಾರದ ದಾಖಲೆ ತೆಗೆದು ನೋಡಿ ಎಂದರೆ, ಅನೇಕರಿಗೆ 51 ಸಿಗುವುದಿಲ್ಲ. 65 ಸಿಗುತ್ತದೆ, 70 ಸಿಗುತ್ತದೆ. ಗಾಳಿ ಸಾಗುವ ಡಕ್ಟಿನಲ್ಲಿ ಕಾಯ್ದುಕೊಳ್ಳಲು ಹೇಳಿರುವ ಒತ್ತಡ ಹೆಚ್ಚಿದೆಯೇ, ಗಾಳಿಯ ಹರಿವನ್ನು ಹಿಡಿತದಲ್ಲಿಡುವ ಡ್ಯಾಂಪರ್ ಅಂಟಿಕೊಂಡಿದೆಯೇ, ಮೀಟರೇ ತಪ್ಪೇ ಎಂದು ಹುಡುಕುವುದರಲ್ಲಿ ಕಲಿಕೆ ಇದೆ. ಇದಕ್ಕೆ ಎಕ್ಸೆಲ್ ಹಾಳೆ ಸಾಕು.

ಇನ್ನೊಂದು ಅಭ್ಯಾಸ ನನಗೆ ಬಹಳ ಇಷ್ಟವಾದದ್ದು. ವಿಮಾನಗಳ ನಿರ್ವಹಣೆಯನ್ನು ಅಧ್ಯಯನ ಮಾಡಿ ನೌಲನ್ ಮತ್ತು ಹೀಪ್ 1978ರಲ್ಲಿ ಬರೆದ ವರದಿಯಲ್ಲಿ, ವಯಸ್ಸಾದಂತೆ ಸವೆದು ಕೆಡುವ ಲಕ್ಷಣ ಕಂಡದ್ದು 11 ಶೇಕಡ ಬಿಡಿಭಾಗಗಳಲ್ಲಿ ಮಾತ್ರ. ಉಳಿದ 89 ಶೇಕಡಕ್ಕೆ, ಇಷ್ಟು ಗಂಟೆಗೊಮ್ಮೆ ಬಿಚ್ಚಿ ಜೋಡಿಸುವುದರಿಂದ ಪ್ರಯೋಜನವಿರಲಿಲ್ಲ. ಹೊಸದಾಗಿ ಜೋಡಿಸಿದ ಮೊದಲ ದಿನಗಳಲ್ಲೇ ಕೆಡುವ ಭಾಗಗಳು ಬಹಳ ಇದ್ದವು. ವಿಮಾನದ ಸಂಖ್ಯೆಗಳನ್ನು ಕಟ್ಟಡಕ್ಕೆ ಹಾಗೆಯೇ ತರಬಾರದು. ಆದ್ದರಿಂದ ವಿದ್ಯಾರ್ಥಿಗಳಿಗೆ ಹೇಳಿ: ನಿಮ್ಮ ಬ್ರೇಕ್‌ಡೌನ್ ರಿಜಿಸ್ಟರಿನ ಎರಡು ವರ್ಷ ತೆರೆಯಿರಿ, ಸರ್ವೀಸ್ ಆದ ಮೂವತ್ತು ದಿನದೊಳಗೆ ಕೆಟ್ಟವು ಎಷ್ಟು ಎಂದು ಎಣಿಸಿ. ವಾರ್ಷಿಕ ನಿರ್ವಹಣಾ ಗುತ್ತಿಗೆಯನ್ನು ಕಣ್ಣು ಮುಚ್ಚಿ ನವೀಕರಿಸುತ್ತಿದ್ದವರು ಆ ಎಣಿಕೆಯ ನಂತರ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ.

ಈಗ ಎಚ್ಚರಿಕೆಯ ಮಾತು. ಕಟ್ಟಡವೇ ಪ್ರಯೋಗಾಲಯ ಎಂದಾಗ ದತ್ತಾಂಶ ಯಾರದು ಎಂಬ ಪ್ರಶ್ನೆ ಮೊದಲ ವಾರವೇ ಬರುತ್ತದೆ. ವಿದ್ಯುತ್ ಫಲಕದ ಜಾಗ, ಕಾವಲಿನ ಕ್ಯಾಮೆರಾಗಳ ನೋಟ, ಗುತ್ತಿಗೆದಾರರ ದರ, ಇವೆಲ್ಲ ಉದ್ಯೋಗದಾತರ ಗುಟ್ಟು. ಆಸ್ಪತ್ರೆ, ಬ್ಯಾಂಕುಗಳ ನೆಲನಕ್ಷೆಯನ್ನು ಕೋರ್ಸಿನ ವೇದಿಕೆಗೆ ಏರಿಸುವುದು ಅಪಾಯ. ಪ್ರವೇಶದ ಸಮಯದಲ್ಲೇ ಉದ್ಯೋಗದಾತರ ಒಪ್ಪಿಗೆ ಪತ್ರ ಇರಲಿ. ಅದರಲ್ಲಿ ಏನನ್ನು ಬಳಸಬಹುದು, ಏನನ್ನು ಬಳಸಬಾರದು ಎಂದು ಬರೆದಿರಲಿ. ದರಗಳನ್ನು ಒಂದೇ ಗುಣಕದಿಂದ ಗುಣಿಸಿ ಮರೆಮಾಡಿದರೆ ಅನುಪಾತಗಳು ಹಾಗೆಯೇ ಉಳಿಯುತ್ತವೆ, ಲೆಕ್ಕ ಕೆಡುವುದಿಲ್ಲ.


ಉತ್ತರ: ಹಳೆಯ ಪರೀಕ್ಷಕ

ನಾನು ಪ್ರಾಧ್ಯಾಪಕರ ಪಂಗಡದವನು. ನಿಮ್ಮ ಯೋಚನೆ ನನಗೆ ಹಿಡಿಸಿತು, ಆದರೆ ಒಂದು ಬಿರುಕು ಕಾಣುತ್ತಿದೆ. ನಡುವೆ ಕೆಲಸ ಬಿಟ್ಟವರ, ಕಳೆದುಕೊಂಡವರ ಗತಿ ಏನು? ಅವರಿಗೆ ಕಟ್ಟಡವೇ ಇರುವುದಿಲ್ಲ. ಇನ್ನೊಂದು: ಒಬ್ಬರದು ನಲವತ್ತು ಮಹಡಿ, ಇನ್ನೊಬ್ಬರದು ಎರಡು ಮಹಡಿಯ ಗ್ರಂಥಾಲಯ. ಅಂಕ ಕೊಡುವವನು ಹೋಲಿಸುವುದು ಹೇಗೆ?

ಪ್ರವೇಶದ ಬಗ್ಗೆ: ಪದವಿ ಇಲ್ಲದವರಿಗೆ ಹಿಂದಿನ ಕಲಿಕೆಯನ್ನು ಮಾನ್ಯ ಮಾಡುವ ಪದ್ಧತಿ ಅನೇಕ ವಿಶ್ವವಿದ್ಯಾಲಯಗಳಲ್ಲಿದೆ. ಅನುಭವದ ವರ್ಷಗಳನ್ನು ಎಣಿಸಬೇಡಿ. ಒಂದೇ ವರ್ಷವನ್ನು ಇಪ್ಪತ್ತು ಸಲ ಮಾಡಿದವರೂ ಇರುತ್ತಾರೆ. ತಾವು ತೆಗೆದುಕೊಂಡ ಒಂದು ತೀರ್ಮಾನವನ್ನು, ಅದರ ಫಲಿತಾಂಶವನ್ನು, ಇಂದು ಅದನ್ನೇ ಮಾಡಬೇಕಾಗಿ ಬಂದರೆ ಏನು ಬದಲಿಸುತ್ತಾರೆ ಎಂಬುದನ್ನು ಬರೆದು ತರಲಿ. ಅರ್ಧ ಗಂಟೆ ಮಾತನಾಡಿಸಿ. ಕಟ್ಟಡಪಾಲಕರೇ, ನಿಮ್ಮ ಚಿಲ್ಲರ್ ಪ್ರಸಂಗವನ್ನು ಓದಿದ ಮೇಲೆ, ನಿಮ್ಮ ಪದವಿಯ ಕಾಗದವನ್ನು ನಾನು ಕೇಳುತ್ತಿರಲಿಲ್ಲ.


ಮರು ಉತ್ತರ: ಕಟ್ಟಡಪಾಲಕ

ಇಷ್ಟು ಮಂದಿ ಇಷ್ಟು ಮನಸ್ಸಿಟ್ಟು ಬರೆಯುತ್ತೀರೆಂದು ಎಣಿಸಿರಲಿಲ್ಲ. ಎಲ್ಲರಿಗೂ ಕೃತಜ್ಞ.

ಗಂಟೆಯ ಲೆಕ್ಕವನ್ನು ನಿನ್ನೆಯೇ ಮಾಡಿದೆ. ನನ್ನ ತಂಡದ ಆರು ಸೂಪರ್‌ವೈಸರುಗಳನ್ನು ಬೇರೆ ಬೇರೆಯಾಗಿ ಕೇಳಿದೆ. ನಾಲ್ವರು ವಾರಕ್ಕೆ ಎಂಟು ಗಂಟೆ ಎಂದರು, ಒಬ್ಬರು ಹನ್ನೆರಡು ಎಂದರು. ಇನ್ನೊಬ್ಬರು ಬಹಳ ಹೊತ್ತು ಸುಮ್ಮನಿದ್ದು, ಮಕ್ಕಳು ಮಲಗಿದ ಮೇಲೆ ಐದು ಎಂದರು. ಎರಡು ವರ್ಷದ ಕೋರ್ಸ್ ಎಂಬ ಮಾತನ್ನು ನಾನು ಮುಂದಿನ ಸಭೆಯಲ್ಲಿ ಎತ್ತುವುದಿಲ್ಲ. ಒಂದೊಂದು ವಿಷಯವನ್ನೂ ಬಿಡಿಯಾಗಿ ಓದಿ, ಆರು ವರ್ಷದೊಳಗೆ ಕೂಡಿಸಿಕೊಳ್ಳುವಂತೆ ಕೇಳುತ್ತೇನೆ. ಆಗ ಎಂಟು ಗಂಟೆಯವರೂ ಮುಗಿಸಬಹುದು, ಐದು ಗಂಟೆಯವರು ಅರ್ಧ ದಾರಿಯಲ್ಲಿ ಡಿಪ್ಲೊಮಾ ಪಡೆದು ನಿಲ್ಲಬಹುದು.

ನೆಲ ಮತ್ತು ಗಾಜು ಅವರೇ, ನಿಮ್ಮ ಬೇಸರ ನ್ಯಾಯವಾದದ್ದು. ನಾನು ಜನರೇಟರ್ ಕೋಣೆಯಿಂದ ಬಂದವನು, ಕಣ್ಣು ಮೊದಲು ಯಂತ್ರದ ಕಡೆಗೇ ಹೋಗುತ್ತದೆ. ನಿಮ್ಮ ಉತ್ತರ ಓದಿದ ಮೇಲೆ ನಮ್ಮ ಆಸ್ಪತ್ರೆಯ ಮುಚ್ಚಿದ ವಾರ್ಡಿಗೆ ಹೋಗಿ, ನಲ್ಲಿಗಳ ಪಟ್ಟಿ ಯಾರ ಬಳಿ ಇದೆ ಎಂದು ಕೇಳಿದೆ. ಇಬ್ಬರು ಒಬ್ಬರನ್ನೊಬ್ಬರು ತೋರಿಸಿದರು. ಸೋಮವಾರದಿಂದ ಆ ಕೆಲಸ ಶುರುವಾಗಿದೆ. ಹತ್ತು ವಿಷಯಗಳ ಬದಲು ಹತ್ತು ಸಮಸ್ಯೆಗಳನ್ನು ಇಟ್ಟು, ಪ್ರತಿಯೊಂದಕ್ಕೂ ಇಬ್ಬರು ಬೇರೆ ಬೇರೆ ವಿಭಾಗದ ಮೇಷ್ಟ್ರುಗಳನ್ನು ಜೋಡಿಸಲು ಸಮಿತಿಯನ್ನು ಕೇಳುತ್ತೇನೆ, ನಲ್ಲಿ ಅದರಲ್ಲೊಂದು. ಸುಲಭವಾಗಿ ಒಪ್ಪುವುದಿಲ್ಲ ಎಂದು ಗೊತ್ತು. ಹತ್ತರಲ್ಲಿ ಮೂರಕ್ಕೆ ಒಪ್ಪಿದರೂ ಶುರು ಮಾಡುತ್ತೇನೆ.

ಪರೀಕ್ಷಕರ ಬಿರುಕಿಗೆ ನನ್ನ ಉತ್ತರ: ಕೋರ್ಸಿಗೆ ತನ್ನದೇ ಆದ ಒಂದು ಕಟ್ಟಡ ಇರಲಿ. ನಕ್ಷೆ, ಯಂತ್ರಗಳ ಪಟ್ಟಿ, ಮೂರು ವರ್ಷದ ಬಿಲ್ಲು, ಬ್ರೇಕ್‌ಡೌನ್ ರಿಜಿಸ್ಟರ್, ದೂರುಗಳ ಪುಸ್ತಕ ಎಲ್ಲವೂ ಇರುವ ಕಲ್ಪಿತ ಕಟ್ಟಡ. ನಿಜದ ದಾಖಲೆಗಳಲ್ಲಿ ಇರುವಂಥ ತಪ್ಪುಗಳೂ ಅದರಲ್ಲಿ ಇರಬೇಕು. ಕೆಲಸ ಕಳೆದುಕೊಂಡವರು ಅದರ ಮೇಲೆ ಮುಂದುವರಿಯಲಿ. ಎಲ್ಲರೂ ಮೊದಲು ಅದೇ ಕಟ್ಟಡದ ಮೇಲೆ ಒಂದು ಅಭ್ಯಾಸ ಮಾಡಿ, ಆಮೇಲೆ ತಮ್ಮದಕ್ಕೆ ಹೋದರೆ ಹೋಲಿಕೆಗೂ ಒಂದು ಅಳತೆಗೋಲು ಸಿಗುತ್ತದೆ. ಅದನ್ನು ಕಟ್ಟುವುದು ದೊಡ್ಡ ಕೆಲಸ, ನಾನು ಮಾಡುತ್ತೇನೆ. ನನ್ನ ಹಳೆಯ ಲಾಗ್‌ಬುಕ್ಕುಗಳು ಇನ್ನೂ ಕಪಾಟಿನಲ್ಲಿವೆ, ಮಂಡಳಿ ಒಪ್ಪಿದರೆ ಅವುಗಳಿಂದಲೇ ಶುರು.

ಮೊದಲ ವಾರದ ಕೆಲಸವನ್ನು ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ಹೇಳಿ: "ನಿಮ್ಮ ಕಟ್ಟಡದಲ್ಲಿ ಮುಂದಿನ ಎರಡು ವರ್ಷದಲ್ಲಿ ಕೆಡಬಹುದು ಎಂದು ನೀವು ಹೆದರುವ ಒಂದು ವಸ್ತುವನ್ನು ಆರಿಸಿ. ಅದು ಕೆಟ್ಟರೆ ಯಾರ ಯಾವ ಕೆಲಸ ನಿಲ್ಲುತ್ತದೆ ಎಂದು ಒಂದು ಪುಟದಲ್ಲಿ ಬರೆಯಿರಿ. ಯಂತ್ರದ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯಬೇಡಿ. ನಿಲ್ಲುವ ಕೆಲಸದಿಂದ ಶುರು ಮಾಡಿ."


ಉತ್ತರ: ಮೂರನೇ ಪಾಳಿ

ಚೆನ್ನಾಗಿದೆ. ಒಂದೇ ತಿದ್ದುಪಡಿ: "ನೀವು ಹೆದರುವ" ಎಂಬುದರ ಜೊತೆಗೆ "ಬರೆಯುವ ಮೊದಲು ರಾತ್ರಿ ಪಾಳಿಯ ಒಬ್ಬರನ್ನು ಕೇಳಿ" ಎಂದು ಸೇರಿಸಿ. ನಮ್ಮ ನಾಲ್ಕನೆಯ ಮಹಡಿಯ ಆ ಜೋಡಣೆ ತೊಟ್ಟಿಕ್ಕುತ್ತಿದ್ದದ್ದು ರಾತ್ರಿ ಕಾವಲಿನವರಿಗೆ ಮೂರು ವಾರ ಮೊದಲೇ ಗೊತ್ತಿತ್ತು. ಅವರು ಅಲ್ಲೊಂದು ಬಕೆಟ್ ಇಟ್ಟಿದ್ದರು. ನಾನು ಹಗಲು ಆ ದಾರಿಯಲ್ಲೇ ಹೋಗುತ್ತಿದ್ದೆ, ಬಕೆಟ್ಟನ್ನೂ ನೋಡಿದ್ದೆ. ಯಾಕೆ ಇಟ್ಟಿದ್ದಾರೆ ಎಂದು ಒಮ್ಮೆಯೂ ಕೇಳಲಿಲ್ಲ.